ಪೆನ್ನಿನ ಮುಚ್ಚಳ ಮೊದಲೇ ತೆಗೆದಿಟ್ಟುಕೊಳ್ಳಿ

ಹೋದ ತಿಂಗಳು ಈ ಪುಟದಲ್ಲಿ ಹಾಕಿ ಆಟಗಾರರ ಸಹಿ ಕೂಡಿಡುವ ನನ್ನ ಹುಚ್ಚಿನ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪ್ರಶ್ನೆ ನನ್ನ ಅಡುಗೆ ಬರಹಗಳಿಗೂ ಬಂದಿರಲಿಲ್ಲ. ಹಾಗಾಗಿ ಈ ಸಲ ಪುಟ ಪೂರ್ತಿ ಅದಕ್ಕೇ.

ಹೊಸಬರಿಗೆ ಒಂದು ಮಾತು. ಇಲ್ಲಿ ಹಾಕಿ ಅಂದರೆ ಐಸ್ ಮೇಲೆ ಆಡುವ ಹಾಕಿ. ಕೆನಡಾದಲ್ಲಿ ಅದಕ್ಕೆ ‘ಐಸ್’ ಅಂತ ಯಾರೂ ಸೇರಿಸುವುದಿಲ್ಲ, ನನಗೂ ಅದೇ ರೂಢಿಯಾಗಿದೆ. ನಾನು ಟೊರಾಂಟೊದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ ಮಾಡುವವಳು. ಬೆಳಿಗ್ಗೆ ಏಳಕ್ಕೆ ಪಾಳಿ ಮುಗಿಯುತ್ತದೆ, ಆಟಗಾರರ ಅಭ್ಯಾಸ ಹತ್ತರ ಮೇಲೆ ಶುರುವಾಗುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ರಿಂಕ್ (ಆಡುವ ಐಸ್ ಅಂಗಳ) ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಶುರು ಮಾಡಿದ್ದು ಮಗನಿಗೋಸ್ಕರ. ಹದಿನಾಲ್ಕು ತುಂಬಿದಾಗ ಅವನು ಬಿಟ್ಟ. ನಾನು ಬಿಡಲಿಲ್ಲ.

*

ಅಕ್ಕಾ, ನನ್ನ ಒಂಬತ್ತು ವರ್ಷದ ಮಗನಿಗೆ ಟೊರಾಂಟೊದ ಮೇಪಲ್ ಲೀಫ್ಸ್ ತಂಡ ಅಂದರೆ ಪ್ರಾಣ. ಪಂದ್ಯದ ದಿನ ಸಂಜೆ ಅರೀನಾದ ಹೊರಗೆ ಮೂರು ಗಂಟೆ ನಿಂತೆವು. ಒಬ್ಬರ ಮುಖವೂ ಕಾಣಲಿಲ್ಲ. ಎಲ್ಲಿ ನಿಲ್ಲಬೇಕು? — ಮಿಸಿಸಾಗಾದ ಒಬ್ಬ ತಾಯಿ

ಅಯ್ಯೋ, ಮೊದಲ ವರ್ಷ ನಾನೂ ಮಾಡಿದ ತಪ್ಪು ಇದೇ. ಪಂದ್ಯದ ದಿನ ಅವರು ಕಾರಲ್ಲಿ ಬಂದು ಸೀದಾ ಒಳಗೆ ಹೋಗಿಬಿಡುತ್ತಾರೆ. ಹೊರಗೆ ನಿಂತವರಿಗೆ ಸಿಗುವುದು ಶೀತ ಮಾತ್ರ.

ಅಭ್ಯಾಸದ ದಿನ ಹೋಗಿ. ಲೀಫ್ಸ್ ಅಭ್ಯಾಸ ಮಾಡುವುದು ಇಟೋಬಿಕೋದಲ್ಲಿರುವ ಫೋರ್ಡ್ ಪರ್ಫಾರ್ಮೆನ್ಸ್ ಸೆಂಟರ್‌ನಲ್ಲಿ. (ಆ ಊರಿನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನ ಕೊನೆಯಲ್ಲಿ ‘ಕ’ ಇದ್ದರೂ ಉಚ್ಚರಿಸುವುದಿಲ್ಲ, ನಾನು ಎರಡು ವರ್ಷ ಉಚ್ಚರಿಸಿ ನಗೆಪಾಟಲಾಗಿದ್ದೆ.) ಅಲ್ಲೂ ದೊಡ್ಡ ಹೆಸರಿನವರು ನಿಲ್ಲುತ್ತಾರೆ ಅಂತ ಖಾತ್ರಿಯಿಲ್ಲ. ಕಾರಿನ ಗಾಜು ಇಳಿಸಿದರೆ ನಿಮ್ಮ ಅದೃಷ್ಟ. ಇಳಿಸದಿದ್ದರೆ ಮಗುವಿನ ಮುಂದೆ ಬೈಯಬೇಡಿ. ಅವರಿಗೆ ಒಂದು ಸೀಸನ್ನಿಗೆ ಎಂಬತ್ತರ ಮೇಲೆ ಪಂದ್ಯ, ಆ ದಿನ ಹಲ್ಲುನೋವೂ ಇರಬಹುದು. ಹಾಕಿ ಆಡುವವರ ಹಲ್ಲಿನ ಕಥೆ ಗೊತ್ತೇ ಇದೆಯಲ್ಲ!

ನನ್ನ ನಿಜವಾದ ಸಲಹೆ ಬೇರೆ. ಮಗನನ್ನು ಮಾರ್ಲೀಸ್ ಪಂದ್ಯಕ್ಕೆ ಕರೆದುಕೊಂಡು ಹೋಗಿ. ಅದು ಅಮೆರಿಕನ್ ಹಾಕಿ ಲೀಗ್‌ನಲ್ಲಿ ಆಡುವ ತಂಡ, ಲೀಫ್ಸ್‌ಗೆ ಹುಡುಗರು ತಯಾರಾಗುವ ಜಾಗ. ಆಡುವುದು ಎಕ್ಸಿಬಿಷನ್ ಪ್ಲೇಸ್‌ನ ಕೋಕಾ-ಕೋಲಾ ಕೊಲಿಸಿಯಂನಲ್ಲಿ. ಟಿಕೆಟ್ ಅಗ್ಗ, ಜನ ಕಮ್ಮಿ, ಹುಡುಗರಿಗೆ ಇಪ್ಪತ್ತು ಇಪ್ಪತ್ತೊಂದು ವಯಸ್ಸು. ತಮ್ಮ ಸಹಿ ಯಾರಿಗೋ ಬೇಕು ಅನ್ನುವುದೇ ಅವರಿಗಿನ್ನೂ ಆಶ್ಚರ್ಯ. ನಿಂತು ಮಾತಾಡುತ್ತಾರೆ, ಪೂರ್ತಿ ಹೆಸರು ಬರೆಯುತ್ತಾರೆ. ಎರಡು ವರ್ಷದ ನಂತರ ಅದೇ ಹುಡುಗ ಮೇಲಿನ ಲೀಗಿಗೆ ಹೋದರೆ ಹೆಸರಲ್ಲಿ ಎರಡಕ್ಷರ ಉಳಿದು ಮಿಕ್ಕಿದ್ದು ಗೀಟಾಗಿರುತ್ತದೆ. ನನ್ನ ಫೈಲಿನಲ್ಲಿ ಒಬ್ಬನೇ ಆಟಗಾರನ ಸಹಿ ಬೇರೆ ಬೇರೆ ವರ್ಷದ್ದು ನಾಲ್ಕಿವೆ. ಪಕ್ಕಪಕ್ಕ ಇಟ್ಟರೆ ಅಕ್ಷರಗಳು ಒಂದೊಂದಾಗಿ ಉದುರುತ್ತಾ ಹೋಗುವುದು ಕಾಣುತ್ತದೆ.

ಇನ್ನೊಂದು ವಿಷಯ. ಪಂದ್ಯವಿರುವ ದಿನ ಬೆಳಿಗ್ಗೆ, ಆ ಸಂಜೆ ಆಡಲಿರುವ ಗೋಲಿಯನ್ನು, ಅಂದರೆ ಗೋಲ್‌ಕೀಪರನ್ನು, ಮಾತಾಡಿಸಬೇಡಿ. ಅವರಿಗೆ ಅವತ್ತು ನೂರೆಂಟು ನೇಮ. ಯಾವ ಕಾಲಿಗೆ ಮೊದಲು ಪ್ಯಾಡ್ ಕಟ್ಟಬೇಕು ಅನ್ನುವುದರಿಂದ ಶುರುವಾಗುತ್ತದೆ. ನಮ್ಮಿಂದ ಅದು ಕೆಡುವುದು ಬೇಡ.

*

ಪಕ್ ಮೇಲೆ ಬರೆಯಲು ಯಾವ ಪೆನ್ನು? ನಾನು ಕೊಟ್ಟ ಪೆನ್ನಿನಲ್ಲಿ ಆಟಗಾರ ಬರೆದಿದ್ದು ಮನೆಗೆ ಬರುವಷ್ಟರಲ್ಲಿ ಅಳಿಸಿಹೋಗಿತ್ತು. — ಒಟ್ಟಾವಾದ ಒಬ್ಬ ವಿದ್ಯಾರ್ಥಿ

ಕಪ್ಪು ರಬ್ಬರಿನ ಮೇಲೆ ಮಾಮೂಲಿ ಮಾರ್ಕರ್ ಕೊಟ್ಟಿರುತ್ತೀರಿ, ಅಲ್ವಾ? ಪಕ್ ಅಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಅದಕ್ಕೆ ಬೆಳ್ಳಿ ಬಣ್ಣದ ಪೇಂಟ್ ಪೆನ್ನೇ ಬೇಕು. ಹೊಸ ಪಕ್ ಮೇಲೆ ಒಂಥರಾ ಜಿಡ್ಡು ಇರುತ್ತದೆ. ಹಿಂದಿನ ರಾತ್ರಿಯೇ ಒಣಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿಡಿ.

ಪೇಂಟ್ ಪೆನ್ನಿನ ಹೊಟ್ಟೆಯಲ್ಲಿ ಒಂದು ಸಣ್ಣ ಗುಂಡು ಇರುತ್ತದೆ. ಅಲ್ಲಾಡಿಸಿದರೆ ಕಟಕಟ ಅನ್ನಬೇಕು. ಆ ಸದ್ದು ಬರುವವರೆಗೆ ಅಲ್ಲಾಡಿಸಿ. ಆಮೇಲೆ ಒಂದು ಹಾಳೆಯ ಮೇಲೆ ಗೀಚಿ, ಬಣ್ಣ ಸಮನಾಗಿ ಬರುತ್ತಿದೆಯಾ ನೋಡಿ. ಚಳಿಗಾಲದಲ್ಲಿ ಪೆನ್ನು ಹೊರಗಿನ ಜೇಬಿನಲ್ಲಿ ಇಡಲೇಬೇಡಿ. ಮೈನಸ್ ಹದಿನೈದರಲ್ಲಿ ಪೇಂಟ್ ಗಂಜಿಯಾಗುತ್ತದೆ. ಕೋಟಿನ ಒಳಗೆ, ಮೈಗೆ ತಾಗುವಂತೆ ಇಟ್ಟುಕೊಳ್ಳಿ.

ಇದನ್ನೆಲ್ಲ ನಾನು ಕಲಿತದ್ದು ಮಾನ ಕಳೆದುಕೊಂಡು. ಒಬ್ಬ ಡಿಫೆನ್ಸ್‌ಮ್ಯಾನ್, ಹೆಸರು ಬೇಡ, ಪಾಪ ಕಾರಿನಿಂದ ಇಳಿದು ಬಂದ. ನಾನು ಗಾಬರಿಯಲ್ಲಿ ಪೆನ್ನನ್ನು ಅವನ ಮುಂದೆಯೇ ಅಲ್ಲಾಡಿಸಿದೆ, ಮುಚ್ಚಳ ಬಿಗಿಯಾಗಿ ಹಾಕಿರಲಿಲ್ಲ. ಅವನ ಉಣ್ಣೆಯ ಕೋಟಿನ ತೋಳಿನ ಮೇಲೆ ಬೆಳ್ಳಿಯ ಚುಕ್ಕೆಗಳು, ರಂಗೋಲಿಗೆ ಇಟ್ಟ ಹಾಗೆ. ನನ್ನ ಬಾಯಲ್ಲಿ ಕನ್ನಡದಲ್ಲಿ ‘ಅಯ್ಯಯ್ಯೋ’ ಬಂತು. ಅವನು ಕೋಟು ನೋಡಿದ, ನನ್ನ ನೋಡಿದ, ಸಹಿ ಹಾಕಿದ, ಹೋದ. ಆ ಪಕ್ ಈಗಲೂ ಶೋಕೇಸಿನಲ್ಲಿದೆ. ನೋಡಿದಾಗೆಲ್ಲ ಕಿವಿ ಬಿಸಿಯಾಗುತ್ತದೆ.

ತಂಡದ ಚಿತ್ರ ಅಚ್ಚಾಗಿರುವ ಪಕ್ ಆದರೆ ಚಿತ್ರದ ಬಿಳಿ ಭಾಗದಲ್ಲಿ ಬೆಳ್ಳಿ ಅಕ್ಷರ ಕಾಣುವುದೇ ಇಲ್ಲ. ಖಾಲಿ ಕಪ್ಪು ಜಾಗ ಮೇಲೆ ಬರುವಂತೆ ಹಿಡಿದು ಕೊಡಿ. ಎಲ್ಲಿ ಹಿಡಿದುಕೊಡುತ್ತೀರೋ ಅಲ್ಲೇ ಬರೆಯುತ್ತಾರೆ. ಹುಡುಕುತ್ತಾ ನಿಲ್ಲುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಪೆನ್ನಿನ ಮುಚ್ಚಳ ತೆಗೆದೇ ಕೊಡಿ. ಮುಚ್ಚಳ ಎಳೆಯುವ ಎರಡು ಸೆಕೆಂಡಿನಲ್ಲಿ ಆಟಗಾರ ಮುಂದಿನವರ ಹತ್ತಿರ ಹೋಗಿರುತ್ತಾನೆ. ಬರೆದ ಮೇಲೆ ಹತ್ತು ನಿಮಿಷವಾದರೂ ಅಂಗೈ ಮೇಲೆ ಹಾಗೇ ಹಿಡಿದುಕೊಂಡಿರಿ. ಬ್ಯಾಗಿಗೆ ಹಾಕಿದಿರೋ, ಸಹಿ ಬ್ಯಾಗಿಗೆ ಹೋಯಿತು.

*

ಆಟಗಾರನ ಚಿತ್ರವಿರುವ ಹಾಕಿ ಕಾರ್ಡ್ ಮೇಲೆ ಶಾರ್ಪಿ ಮಾರ್ಕರಿನಲ್ಲಿ ಸಹಿ ಮಾಡಿಸಿದೆ. ಇಂಕು ತಾವರೆ ಎಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ನಿಂತಿತು. ಯಾಕೆ?

ಈಗಿನ ಕಾರ್ಡುಗಳ ಮೇಲೆ ನುಣುಪಾದ ಹೊಳಪಿನ ಪದರ ಇರುತ್ತದೆ, ಅದು ಇಂಕನ್ನು ಹಿಡಿಯುವುದಿಲ್ಲ. ಮೊದಲೇ ಸಹಿ ಬರಬೇಕಾದ ಜಾಗಕ್ಕೆ ಚಿಟಿಕೆ ಬೇಬಿ ಪೌಡರ್ ಹಾಕಿ ಮೆತ್ತಗಿನ ಬಟ್ಟೆಯಲ್ಲಿ ಉಜ್ಜಿ, ಪುಡಿ ಪೂರ್ತಿ ಒರೆಸಿಬಿಡಿ. ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜುವವರೂ ಇದ್ದಾರೆ, ನನಗೆ ಪೌಡರೇ ಸರಿ. ತಿಳಿ ಬಣ್ಣದ ಕಾರ್ಡಿಗೆ ನೀಲಿ ಶಾರ್ಪಿ, ಕಡು ಬಣ್ಣದ್ದಕ್ಕೆ ಬೆಳ್ಳಿ. ಬಾಲ್‌ಪೆನ್ ಬೇಡ, ಹೊಳಪಿನ ಮೇಲೆ ಜಾರುತ್ತದೆ, ಕಾರ್ಡಿಗೆ ಗೀರು ಬೀಳುತ್ತದೆ.

*

ನಾವಿರುವುದು ಸಸ್ಕಾಚುವಾನ್‌ನ ಸಣ್ಣ ಊರಿನಲ್ಲಿ. ಹತ್ತಿರದಲ್ಲಿ ಎನ್‌ಎಚ್‌ಎಲ್ (ಲೀಫ್ಸ್ ಆಡುವ ದೊಡ್ಡ ಲೀಗ್) ತಂಡವೇ ಇಲ್ಲ. ಅಂಚೆಯಲ್ಲಿ ಕೇಳಿದರೆ ಕಳಿಸುತ್ತಾರಾ?

ಕೆಲವರು ಕಳಿಸುತ್ತಾರೆ. ನಿಮ್ಮ ಪ್ರಾಂತ್ಯದ ಬಗ್ಗೆ ನೀವು ಬೇಜಾರು ಮಾಡಿಕೊಳ್ಳುವುದೇ ತಮಾಷೆ. ಗೋರ್ಡಿ ಹೌ ಹುಟ್ಟಿದ್ದು ನಿಮ್ಮಲ್ಲೇ ತಾನೆ! 1946ರಲ್ಲಿ ಶುರು ಮಾಡಿ 1980ರಲ್ಲಿ, ಐವತ್ತೆರಡನೇ ವಯಸ್ಸಿನಲ್ಲಿ ಎನ್‌ಎಚ್‌ಎಲ್ ಬಿಟ್ಟ ಮನುಷ್ಯ. ಅವರ ಸಹಿ ನೋಡಿ, ಶಾಲೆಯ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಹಾಗೆ ಪ್ರತಿ ಅಕ್ಷರವೂ ಓದಬಹುದು. ಮಾಂಟ್ರಿಯಲ್‌ನ ಜಾನ್ ಬೆಲಿವೋ ಅವರದ್ದೂ ಹಾಗೇ. ಅಭಿಮಾನಿಗಳ ಕಾಗದಕ್ಕೆ ಮರೆಯದೆ ಉತ್ತರ ಕೊಡುವವರು ಅಂತ ಅವರಿಗೆ ಹೆಸರೇ ಇತ್ತು. 2014ರಲ್ಲಿ ತೀರಿಕೊಂಡರು. ಅವರ ಸಹಿಯ ಫೋಟೊ ಒಂದು ಗೆಳತಿಯಿಂದ ನನಗೆ ಬಂದಿದೆ. ಅದನ್ನು ನೋಡಿದ ಮೇಲೆ ಈಗಿನ ಹುಡುಗರ ಗೀಟುಗಳನ್ನು ಸಹಿ ಅನ್ನಲು ನಾಲಿಗೆ ತಡೆಯುತ್ತದೆ.

ಸರಿ, ಅಂಚೆಗೆ ಬರೋಣ. ತಂಡದ ವಿಳಾಸಕ್ಕೆ ಆಟಗಾರನ ಹೆಸರು ಬರೆದು ಕಳಿಸಿ. ಕಾಗದ ಕೈಬರಹದಲ್ಲಿರಲಿ, ಒಂದೇ ಮಗ್ಗುಲು. ‘ನೀವೇ ಜಗತ್ತಿನ ಶ್ರೇಷ್ಠ ಆಟಗಾರ’ ಅಂತ ಬರೆಯಬೇಡಿ, ಅದನ್ನು ಎಲ್ಲರೂ ಬರೆಯುತ್ತಾರೆ. ನೀವು ನೋಡಿದ ಒಂದು ಪಂದ್ಯ, ಅವರು ಮಾಡಿದ ಒಂದು ಪಾಸ್ ನೆನಪಿಸಿ. ಕಾರ್ಡು ಒಂದೋ ಎರಡೋ ಸಾಕು. ಒಬ್ಬರು ಹನ್ನೆರಡು ಕಳಿಸಿ, ಒಂದೂ ವಾಪಸ್ ಬರಲಿಲ್ಲ ಅಂತ ನನ್ನ ಹತ್ತಿರ ದೂರಿದರು. ನಾನಾದರೂ ಕಳಿಸುತ್ತಿರಲಿಲ್ಲ.

ಜೊತೆಗೆ ನಿಮ್ಮ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಲಕೋಟೆ ಇಡಬೇಕು. ಎಲ್ಲರೂ ಎಡವುವುದು ಇಲ್ಲೇ. ಆಟಗಾರ ಬಾಸ್ಟನ್ನಿನಲ್ಲಿದ್ದರೆ ವಾಪಸ್ ಲಕೋಟೆ ಅಂಚೆಗೆ ಬೀಳುವುದು ಬಾಸ್ಟನ್ನಿನಲ್ಲಿ. ನಮ್ಮ ಕೆನಡಾ ಸ್ಟಾಂಪಿಗೆ ಅಲ್ಲಿ ಬೆಲೆಯಿಲ್ಲ, ಅಮೆರಿಕದ ಸ್ಟಾಂಪೇ ಬೇಕು, ಅದೂ ಹೊರದೇಶಕ್ಕೆ ಸಾಲುವಷ್ಟು. ನಾನು ಬಫಲೋದಲ್ಲಿರುವ ನಾದಿನಿಯಿಂದ ತರಿಸಿಕೊಳ್ಳುತ್ತೇನೆ, ಬದಲಿಗೆ ಹಪ್ಪಳ. ಕೆನಡಾದ ತಂಡವಾದರೆ ನಮ್ಮ ‘ಪರ್ಮನೆಂಟ್’ ಸ್ಟಾಂಪ್ ಹಚ್ಚಿ. ಅದರ ಮೇಲೆ ಬೆಲೆ ಅಚ್ಚಾಗಿರುವುದಿಲ್ಲ. ನಡುವೆ ಅಂಚೆ ದರ ಏರಿದರೂ ನಡೆಯುತ್ತದೆ. ಏರುತ್ತದಾ ಅಂದರೆ, ಏರುತ್ತದೆ! ಯಾಕೆಂದರೆ ಉತ್ತರ ಬರಲು ಮೂರು ವಾರವೂ ಆಗಬಹುದು, ಮೂರು ವರ್ಷವೂ ಆಗಬಹುದು. ನನ್ನ ಒಂದು ಲಕೋಟೆ ನಾವು ಮನೆ ಬದಲಿಸಿದ ಮೇಲೆ ಹಳೆ ವಿಳಾಸಕ್ಕೆ ಬಂತು. ಆ ಮನೆಯಲ್ಲಿದ್ದ ಪೋಲಿಷ್ ಅಜ್ಜಿ ಅದನ್ನು ಫ್ರಿಜ್ಜಿಗೆ ಮ್ಯಾಗ್ನೆಟ್ ಹಾಕಿ ಕಾಪಾಡಿಟ್ಟಿದ್ದರು.

ಸೆಪ್ಟೆಂಬರಿನಲ್ಲಿ ತರಬೇತಿ ಶಿಬಿರದ ಹೊತ್ತಿಗೆ ತಲುಪುವಂತೆ ಕಳಿಸಿ. ಏಪ್ರಿಲ್‌ನಿಂದ ಜೂನ್‌ವರೆಗೆ ಸ್ಟಾನ್ಲಿ ಕಪ್ಪಿಗಾಗಿ ನಡೆಯುವ ಪ್ಲೇಆಫ್ ಪಂದ್ಯಗಳು, ಆಗ ಅವರಿಗೆ ನಮ್ಮ ನೆನಪೂ ಬರುವುದಿಲ್ಲ.

*

ನಲವತ್ತು ಡಾಲರಿಗೆ ವೇಯ್ನ್ ಗ್ರೆಟ್ಸ್ಕಿ ಸಹಿ ಮಾಡಿದ ಪಕ್ ಕೊಂಡೆ. ಸರ್ಟಿಫಿಕೇಟೂ ಇದೆ. ನನ್ನ ಹೆಂಡತಿ ನಗುತ್ತಿದ್ದಾಳೆ.

ನಿಮ್ಮ ಮನೆಯವರ ಜೊತೆ ನನಗೂ ಒಂದು ಕುರ್ಚಿ ಹಾಕಿಸಿ.

ಸರ್ಟಿಫಿಕೇಟ್ ಅನ್ನುವುದು ಪ್ರಿಂಟರ್ ಇರುವ ಯಾರು ಬೇಕಾದರೂ ಮಾಡಬಹುದಾದ ಕಾಗದ. ಯಾರು ಕೊಟ್ಟಿದ್ದು ಅನ್ನುವುದು ಮುಖ್ಯ. ಹಾಕಿಯ ದಂತಕಥೆ ಗ್ರೆಟ್ಸ್ಕಿ ಅವರಿಗೆ ಕಾರ್ಡು ಮಾಡುವ ಅಪ್ಪರ್ ಡೆಕ್ ಕಂಪನಿಯ ಜೊತೆ ಬಹಳ ವರ್ಷದ ಒಪ್ಪಂದ. ಆ ಕಂಪನಿಯ ಮೂಲಕ ಬಂದ ವಸ್ತುವಿನ ಮೇಲೆ ನಂಬರ್ ಇರುವ ಹೊಲೊಗ್ರಾಮ್ ಇರುತ್ತದೆ, ಆ ನಂಬರನ್ನು ಪರೀಕ್ಷಿಸಿಕೊಳ್ಳಬಹುದು. ಹೊಲೊಗ್ರಾಮ್ ಇಲ್ಲದ್ದೆಲ್ಲ ಸುಳ್ಳು ಅಂತಲ್ಲ. ಅವರು ರಸ್ತೆಯಲ್ಲಿ, ರಿಂಕಿನಲ್ಲಿ ಸಾವಿರಾರು ಜನಕ್ಕೆ ಬರೆದುಕೊಟ್ಟಿದ್ದಾರೆ. ಆದರೆ ಅಂಥದ್ದನ್ನು ನಲವತ್ತು ಡಾಲರಿಗೆ ಯಾರು ಮಾರುತ್ತಾರೆ ಹೇಳಿ?

ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಅಚ್ಚಾದ ಸಹಿ ಆದರೆ ಗೆರೆಯೊಳಗೆ ಸಣ್ಣ ಸಣ್ಣ ಚುಕ್ಕೆ ಕಾಣುತ್ತದೆ. ಯಂತ್ರದ ಕೈ ಬರೆದಿದ್ದರೆ ಗೆರೆ ಶುರುವಿನಿಂದ ಕೊನೆವರೆಗೆ ಒಂದೇ ದಪ್ಪ, ಎರಡು ತುದಿಯಲ್ಲೂ ಪೆನ್ನು ಊರಿದ ಚುಕ್ಕೆ. ಮನುಷ್ಯ ಬರೆದರೆ ಹಾಗಲ್ಲ. ತಿರುವಿನಲ್ಲಿ ಒತ್ತು ಬೀಳುತ್ತದೆ, ಕೊನೆಗೆ ಗೆರೆ ತೆಳುವಾಗಿ ಹಾರಿಹೋಗುತ್ತದೆ. ನನ್ನ ಕೆಲಸವೇ ರಾತ್ರಿಯಿಡೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುವುದು, ಬಹುಶಃ ಅದಕ್ಕೇ ಈ ಭಾಗ ನನಗೆ ಬಲು ಇಷ್ಟ.

ಕಾಲದ ಲೆಕ್ಕವನ್ನೂ ಹಾಕಿ. ಒಮ್ಮೆ ಸಂತೆಯಂಥ ಒಂದು ಮೇಳದಲ್ಲಿ ಮಾಂಟ್ರಿಯಲ್‌ನ ಹಳೇ ಕಾಲದ ಆಟಗಾರ ಹೌಯಿ ಮೊರೆನ್ಜ್ ಸಹಿ ಅಂತ ಒಂದು ಫೋಟೊ ಇಟ್ಟಿದ್ದರು. ದಪ್ಪ ಶಾರ್ಪಿಯ ಬರಹ. ಮೊರೆನ್ಜ್ ತೀರಿಕೊಂಡಿದ್ದು 1937ರಲ್ಲಿ. ಶಾರ್ಪಿ ಅಂಗಡಿಗೆ ಬಂದಿದ್ದು 1964ರಲ್ಲಿ. ಮಾರುವವನಿಗೆ ಇದನ್ನು ಹೇಳಿದೆ. ‘ಹಾಗಾದರೆ ಇನ್ನೂ ಅಪರೂಪದ್ದು’ ಅಂದ!

*

ರೇ ಬೋರ್ಕ್ ಅವರ ಹಳೆಯ ಫೋಟೊ ಸಿಕ್ಕಿದೆ. ಜೆರ್ಸಿಯಲ್ಲಿ 7 ಇದೆ, ಸಹಿಯ ಪಕ್ಕ ಅವರೇ 77 ಅಂತ ಬರೆದಿದ್ದಾರೆ. ಮೋಸ ಹೋದೆನಾ?

ಇಲ್ಲ ಇಲ್ಲ, ಖುಷಿಪಡಿ. ಹಾಕಿ ಆಟಗಾರರು ಸಹಿಯ ಪಕ್ಕ ತಮ್ಮ ನಂಬರ್ ಹಾಕುವ ರೂಢಿ ಇದೆ. ಬೋರ್ಕ್ ಬಾಸ್ಟನ್ ತಂಡದಲ್ಲಿ ಮೊದಲು 7 ತೊಡುತ್ತಿದ್ದರು. ಅದು ಹಿಂದೆ ಫಿಲ್ ಎಸ್ಪೊಸಿಟೊ ಅವರ ನಂಬರ್. 1987ರ ಡಿಸೆಂಬರಿನಲ್ಲಿ ಎಸ್ಪೊಸಿಟೊ ಗೌರವಾರ್ಥ, ಇನ್ನು ಯಾರೂ ತೊಡದಂತೆ, ಆ ನಂಬರನ್ನು ಅರೀನಾದಲ್ಲಿ ಮೇಲೇರಿಸುವ ಸಮಾರಂಭ ಇತ್ತು. ಬೋರ್ಕ್ ಎಸ್ಪೊಸಿಟೊ ಮುಂದೆ ಹೋಗಿ ತಾನು ತೊಟ್ಟಿದ್ದ 7ರ ಜೆರ್ಸಿ ಕಳಚಿ ಕೈಗೆ ಕೊಟ್ಟರು. ಒಳಗೆ 77ರ ಜೆರ್ಸಿ ತೊಟ್ಟುಕೊಂಡೇ ಬಂದಿದ್ದರು. ಎಸ್ಪೊಸಿಟೊಗೆ ಮಾತೇ ಹೊರಡಲಿಲ್ಲ. ನಿಮ್ಮ ಫೋಟೊ ತೆಗೆದದ್ದು ಆ ರಾತ್ರಿಗೆ ಮೊದಲು, ಸಹಿ ಬಿದ್ದದ್ದು ಆಮೇಲೆ. ಸಹಿ ಅಸಲಿಯೇ ಅಂತ ನೋಡದೆ ಹೇಳಲಾರೆ. ನಂಬರಿನ ಕಾರಣಕ್ಕೆ ಅನುಮಾನ ಬೇಡ.

*

ಮಗಳು ಹಾಕಿ ಆಡುತ್ತಾಳೆ. ಬರೀ ಗಂಡಸರ ಸಹಿಯೇ ಯಾಕೆ ಅಂತ ಕೇಳುತ್ತಾಳೆ.

ಸರಿಯಾಗಿ ಕೇಳಿದ್ದಾಳೆ. ಹೆಂಗಸರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ 2024ರ ಜನವರಿ 1ರಂದು ಟೊರಾಂಟೊದಲ್ಲೇ ಶುರುವಾಯಿತು. ಮೊದಲ ಪಂದ್ಯದಲ್ಲಿ ನ್ಯೂಯಾರ್ಕ್ ನಮ್ಮವರನ್ನು 4-0ಯಿಂದ ಸೋಲಿಸಿತು, ಇರಲಿ ಬಿಡಿ. ಆಟ ನಡೆದದ್ದು ಹಳೆಯ ಮೇಪಲ್ ಲೀಫ್ ಗಾರ್ಡನ್ಸ್ ಕಟ್ಟಡದಲ್ಲಿ. ಲೀಫ್ಸ್ ಗಂಡಸರು ಕಪ್ ಗೆದ್ದ ಕಾಲದಲ್ಲಿ ಆಡುತ್ತಿದ್ದದ್ದು ಅಲ್ಲೇ. ಆ ಹೆಣ್ಣುಮಕ್ಕಳು ಪುಟ್ಟ ಹುಡುಗಿಯರನ್ನು ಕಂಡರೆ ಬಗ್ಗಿ ಕೂತು ಮಾತಾಡುವುದನ್ನು ನೋಡಿದ್ದೇನೆ. ಯಾವ ಪೊಸಿಷನ್ ಆಡ್ತೀಯಾ ಅಂತ ಕೇಳುತ್ತಾರೆ. ಉತ್ತರ ರೆಡಿ ಇಟ್ಟುಕೊಳ್ಳಲು ಹೇಳಿ.

*

ಆಟಗಾರ ನನ್ನ ಕಾರ್ಡಿನ ಮೇಲೆ ಕೇಳದೆಯೇ ನನ್ನ ಹೆಸರು ಸೇರಿಸಿ ಬರೆದುಬಿಟ್ಟ. ಬೆಲೆ ಹೋಯ್ತಲ್ಲ?

ಮಾರುವುದಾದರೆ ಕಮ್ಮಿಯಾಗುತ್ತದೆ, ಹೌದು. ಅದಕ್ಕೇ ಅವರು ಹೆಸರು ಕೇಳಿ ಬರೆಯುವುದು. ಒಂದೇ ಕಾರ್ಡಿನ ಆರು ಪ್ರತಿ ಹಿಡಿದು ನಿಲ್ಲುವವರನ್ನು ನೋಡಿ ನೋಡಿ ಅವರಿಗೂ ಸಾಕಾಗಿದೆ. ಅಂಥವರು ಮಕ್ಕಳ ಕೈಗೆ ಕಾರ್ಡು ಕೊಟ್ಟು ಮುಂದೆ ತಳ್ಳುವುದೂ ಉಂಟು. ನನ್ನ ಹೆಸರನ್ನು ಒಬ್ಬರೂ ಸರಿಯಾಗಿ ಬರೆದಿಲ್ಲ. ಏಳು ಥರದ ಸ್ಪೆಲ್ಲಿಂಗ್ ನನ್ನ ಹತ್ತಿರ ಇವೆ. ಒಂದನ್ನೂ ಮಾರುವುದಿಲ್ಲ.

*

ಇಪ್ಪತ್ತು ವರ್ಷದ ಹಿಂದಿನ ಸಹಿ ಮಾಸಿದೆ. ಮೇಲೆ ತಿದ್ದಬಹುದಾ?

ಬೇಡವೇ ಬೇಡ. ತಿದ್ದಿದರೆ ಅದು ನಿಮ್ಮ ಸಹಿ. ಉಳಿದವನ್ನು ಬಿಸಿಲು ಬೀಳುವ ಗೋಡೆಯಿಂದ ಇಳಿಸಿ.

*

ನಿಮ್ಮ ಹತ್ತಿರ ಇರುವುದರಲ್ಲಿ ಯಾವುದು ಅತಿ ಇಷ್ಟ? ಗ್ರೆಟ್ಸ್ಕಿಯದ್ದಾ?

ಗ್ರೆಟ್ಸ್ಕಿ ನನ್ನ ಹತ್ತಿರ ಇಲ್ಲವೇ ಇಲ್ಲ! ನನಗೆ ಇಷ್ಟವಾದದ್ದು ಒಂದು ಪಾರ್ಕಿಂಗ್ ರಸೀತಿ.

ಫೆಬ್ರವರಿಯ ಒಂದು ಬೆಳಿಗ್ಗೆ. ಪಾಳಿ ಮುಗಿಸಿ ಬಂದಿದ್ದೆ, ಕಾರ್ಡಿನ ಫೈಲು ಮನೆಯಲ್ಲೇ ಬಿಟ್ಟಿದ್ದೆ. ಅಂತಹ ದಿನವೇ ಬಾಗಿಲಿಂದ ಒಬ್ಬನೇ ಹೊರಗೆ ಬಂದ. ಕೆಳಗಿನ ಲೀಗಿನ ಗೋಲಿ, ಎರಡು ದಿನದ ಹಿಂದೆ ತಂಡಕ್ಕೆ ಸೇರಿದ ಹುಡುಗ. ತೋಳಿಗಿಂತ ದೊಡ್ಡ ಬ್ಯಾಗು ಹೊತ್ತಿದ್ದ. ಸಹಿ ಕೇಳಿದೆ. ‘ನಂದಾ?’ ಅಂತ ಹಿಂದೆ ತಿರುಗಿ ನೋಡಿದ. ಬ್ಯಾಗು ಹಿಮದ ಮೇಲೆ ಇಟ್ಟ, ರಸೀತಿಯನ್ನು ಕಾರಿನ ಬಾನೆಟ್ ಮೇಲಿಟ್ಟು ಪೂರ್ತಿ ಹೆಸರು ಬರೆದ. ಪಕ್ಕದಲ್ಲಿ 30 ಅಂತ ನಂಬರ್ ಹಾಕಿದ. ಆಮೇಲೆ ಏನೋ ನೆನಪಾಗಿ ಅದನ್ನು ಹೊಡೆದುಹಾಕಿ 35 ಅಂತ ಬರೆದ. ‘ಕ್ಷಮಿಸಿ, ಇಲ್ಲಿ 30 ಬೇರೆಯವರದ್ದು’ ಅಂದ.

ಎನ್‌ಎಚ್‌ಎಲ್‌ನಲ್ಲಿ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಮುಂದಿನ ಸೀಸನ್ನಿಗೆ ಬೇರೆ ತಂಡಕ್ಕೆ ಹೋದ. ಅಲ್ಲಿಯ ಪಟ್ಟಿಯಲ್ಲಿ ಅವನ ಹೆಸರು ಹುಡುಕಿದೆ. ನಂಬರ್ ಮತ್ತೆ 30 ಸಿಕ್ಕಿತ್ತು.